ನೋಡಬೇಡ ಎಂದ ಸಾಲು

ತಪ್ಪು ತನ್ನದೇ ಇರಬೇಕು ಎಂದು ವಿಶಾಖಾಗೆ ಅನ್ನಿಸಿದ್ದು ಏನಾಗಿದೆ ಎಂದು ನೋಡುವುದಕ್ಕೂ ಮೊದಲೇ. ಜೋರಾಪುರ ಪೇಟೆಯ ಬಾಡಿಗೆ ಕೋಣೆಯಲ್ಲಿ ಒಂದು ಕೈಯಲ್ಲಿ ಜಡೆಯ ತುದಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೊಬೈಲ್ ತೆರೆದಾಗ ಆಫೀಸಿನ ಪುಟದ ಮೇಲೆ ಕೆಂಪು ಗುರುತು ಇತ್ತು. ನಿನ್ನೆ ಸಂಜೆ ಹೊರಟಾಗ ಅದು ಹಸಿರಾಗಿತ್ತು. ಹಸಿರಾಗಿದೆ ಎಂದು ಅವಳು ಎರಡು ಸಲ ನೋಡಿಕೊಂಡಿದ್ದಳು, ಮೆಟ್ಟಿಲಿಳಿದು ಹೋದವಳು ಮತ್ತೆ ಹತ್ತಿ ಬಂದು ಮೂರನೆಯ ಸಲವೂ ನೋಡಿದ್ದಳು. ಅವಳು ಕೆಲಸ ಮಾಡುವ ಪುಟ್ಟ ಕಂಪನಿಯಲ್ಲಿ ಯಾರು ಒಂದು ಸಾಲು ಬದಲಿಸಿದರೂ, ಯಾರೂ ಏನೂ ಬದಲಿಸದಿದ್ದರೂ ದಿನಕ್ಕೊಮ್ಮೆ ನಸುಕಿನಲ್ಲಿ, ದೂರದ ಯಾವುದೋ ಯಂತ್ರ ಅವರ ಇಡೀ ಪ್ರೋಗ್ರಾಮನ್ನು ಬುಡದಿಂದ ಕಟ್ಟುತ್ತಿತ್ತು. ಹೊರಗಿನವರು ಬರೆದಿಟ್ಟ ಸಿದ್ಧ ತುಣುಕುಗಳನ್ನು, ಅಂದರೆ ಲೈಬ್ರರಿಗಳನ್ನು, ತಂದು ಕೂಡಿಸುತ್ತಿತ್ತು. ಸಂಖ್ಯೆ ಇರಬೇಕಾದಲ್ಲಿ ಸಂಖ್ಯೆ ಇದೆಯೇ, ಹೆಸರಿರಬೇಕಾದಲ್ಲಿ ಹೆಸರಿದೆಯೇ ಎಂದು ಸಾಲುಸಾಲಾಗಿ ತಪಾಸಣೆ ಮಾಡಿ ಕೊನೆಗೆ ಹಸಿರು ಅಥವಾ ಕೆಂಪು ಗುರುತು ಹಾಕುತ್ತಿತ್ತು. ಈಗ ಅದು ನಲವತ್ತೊಂದು ತಪ್ಪುಗಳನ್ನು ಎತ್ತಿ ತೋರಿಸಿತ್ತು. ಇಂದು ಬುಧವಾರ. ಸಂಜೆ ಐದಕ್ಕೆ ಆ್ಯಪಿನ ಹೊಸ ಆವೃತ್ತಿ ಹೊರಬೀಳಬೇಕು, ನಾಳೆ ಬಬಲೇಶ್ವರದಲ್ಲಿ ದ್ರಾಕ್ಷಿ ಬೆಳೆಗಾರರ ಸಭೆಯಲ್ಲಿ ಅದನ್ನು ತೋರಿಸಬೇಕು. ಯಜಮಾನರಾದ ಗುರುಪಾದಯ್ಯನವರು ಮೊದಲ ಸಲ ಬಿಡುಗಡೆಯ ಕೆಲಸವನ್ನು ಪೂರ್ತಿ ಅವಳಿಗೆ ವಹಿಸಿದ್ದರು. ಜಡೆ ಹಾಕುವುದು ಅರ್ಧಕ್ಕೇ ನಿಂತಿತು.

ಗೋಳಗುಮ್ಮಟದ ಎದುರಿನ ರಸ್ತೆಯಲ್ಲಿ ನಡೆಯುವಾಗ ಅವಳ ಕಣ್ಣು ತಾನೇ ತಾನಾಗಿ ಎಡಕ್ಕೆ, ತಾನು ಆರು ವರ್ಷ ನಿಂತು ಕೆಲಸ ಮಾಡಿದ ಝೆರಾಕ್ಸ್ ಅಂಗಡಿಯ ಕಡೆಗೆ ಹೋಯಿತು. ಹಗಲೆಲ್ಲ ಅಲ್ಲಿ ಆಧಾರ ಕಾರ್ಡು, ಹೊಲದ ಉತಾರೆ, ಮದುವೆ ಕಾರ್ಡುಗಳ ಟೈಪಿಂಗು. ಸಂಜೆ ಆರರಿಂದ ಒಂಬತ್ತರವರೆಗೆ ಪೇಟೆಯ ಒಂದು ಮಹಡಿಯ ಮೇಲಿನ ಕ್ಲಾಸು. ಕಾಲೇಜಿನ ಹಗಲು ಅವಳಿಗೆ ಗೊತ್ತಿರಲಿಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಲಿತದ್ದು ಹಗಲಿನಲ್ಲಿ ಎಲ್ಲಿ ಬಿಳಿಚಿಕೊಂಡು ಕಾಣುತ್ತದೋ ಎಂಬ ಅಳುಕು ಅವಳನ್ನು ಈ ಕೆಲಸಕ್ಕೆ ಸೇರಿದ ಎರಡು ವರ್ಷದಲ್ಲಿ ಒಂದು ದಿನವೂ ಬಿಟ್ಟಿರಲಿಲ್ಲ. ಜೊತೆಯ ಸಂಗು ಇಂಜಿನಿಯರಿಂಗ್ ಓದಿದವನು. ಯಂತ್ರ ತಪ್ಪು ತೋರಿಸಿದರೆ ಅವನು ಯಂತ್ರವನ್ನು ಬೈಯುತ್ತಿದ್ದ. ವಿಶಾಖಾ ಕ್ಷಮೆ ಕೇಳುವವಳಂತೆ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂರುತ್ತಿದ್ದಳು.

ಸಂಗು ಆಗಲೇ ಬಂದಿದ್ದ. ನಡೆದದ್ದು ಇಷ್ಟೇ ಎಂದು ಅವನು ಚಹಾ ಹೀರುತ್ತ ಹೇಳಿದ: ತಪಾಸಣೆ ಮಾಡುವ ಸಾಧನದ ಹೊಸ ಆವೃತ್ತಿ ನಿನ್ನೆ ರಾತ್ರಿ ಬಂದಿದೆ, ಅದು ಹಳೆಯದಕ್ಕಿಂತ ಬಿಗಿ. ನಮ್ಮ ಪಟ್ಟಿಯಲ್ಲಿ ಯಾವ ಆವೃತ್ತಿ ಬೇಕೆಂದು ನಾವು ಬರೆದಿಲ್ಲ, ಹಾಗಾಗಿ ಯಂತ್ರ ಹೊಸದನ್ನೇ ಎತ್ತಿಕೊಂಡಿದೆ. ಹಳೆಯ ಆವೃತ್ತಿಯ ನಂಬರು ಬರೆದು ಮೊಳೆ ಹೊಡೆದುಬಿಡು, ಹತ್ತು ನಿಮಿಷದ ಕೆಲಸ. ತಪ್ಪು ತನ್ನದಲ್ಲ ಎಂದು ಗೊತ್ತಾದರೂ ವಿಶಾಖಾಗೆ ಹಗುರವಾಗಲಿಲ್ಲ. ಆ ಪಟ್ಟಿಯನ್ನು ಕೊನೆಯ ಸಲ ತಿದ್ದಿದವಳು ತಾನಲ್ಲವೇ, ಆಗಲೇ ನಂಬರು ಬರೆಯಬೇಕಿತ್ತಲ್ಲವೇ ಎಂದು ಮನಸ್ಸು ಬೇರೆ ಒಂದು ಗೂಟ ಹುಡುಕಿಕೊಂಡಿತು.

ಅವಳು ಹಳೆಯ ನಂಬರು ಬರೆದಳು. ಆದರೆ ಹತ್ತು ನಿಮಿಷದಲ್ಲಿ ಮುಗಿಯಲಿಲ್ಲ. ತಪಾಸಣೆಯ ಸಾಧನ ಹಳೆಯದಾದೊಡನೆ, ಅದೇ ರಾತ್ರಿ ಹೊಸದಾಗಿದ್ದ ದಿನಾಂಕ ಲೆಕ್ಕ ಹಾಕುವ ಲೈಬ್ರರಿ ತಕರಾರು ತೆಗೆಯಿತು. ಎರಡೂ ನಿಂತಿರುವುದು ಮೂರನೆಯ ಒಂದು ಲೈಬ್ರರಿಯ ಮೇಲೆ, ಒಂದಕ್ಕೆ ಅದರ ಹಳೆಯ ಆವೃತ್ತಿ ಬೇಕು, ಇನ್ನೊಂದಕ್ಕೆ ಹೊಸದು. ಅವನು ಬಂದರೆ ನಾನು ಬರುವುದಿಲ್ಲ ಎನ್ನುವ ಇಬ್ಬರು ಬೀಗರ ಹಾಗೆ. ದಿನಾಂಕದ ಲೈಬ್ರರಿಯನ್ನೂ ಹಿಂದಕ್ಕೆ ತಂದರೆ ಅದರಲ್ಲಿ ಗೊತ್ತಿರುವ ಒಂದು ಲೋಪ ಮರಳಿ ಬರುತ್ತದೆ. ಒಂದನ್ನು ಇಳಿಸಿ, ಇನ್ನೊಂದನ್ನು ಏರಿಸಿ, ಪ್ರತಿ ಸಲ ಯಂತ್ರ ಎಲ್ಲವನ್ನೂ ಮತ್ತೆ ಕಟ್ಟುವ ಆರು ನಿಮಿಷ ಉಗುರು ಕಚ್ಚುತ್ತ ಕಾದು, ಹತ್ತೂವರೆಯ ಹೊತ್ತಿಗೆ ಅವಳಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಹಿಂದಕ್ಕೆ ಹೋಗುವ ದಾರಿ ಇಲ್ಲ. ಹೊಸ ತಪಾಸಣೆಯನ್ನು ಒಪ್ಪಿಕೊಂಡು, ಎಲ್ಲ ಲೈಬ್ರರಿಗಳ ನಂಬರನ್ನೂ ಖಚಿತವಾಗಿ ಬರೆದು, ನಲವತ್ತೊಂದು ತಪ್ಪುಗಳನ್ನು ಒಂದೊಂದಾಗಿ ತಿದ್ದಬೇಕು. ಹೀಗೆಂದು ಹೇಳಿದಾಗ ಸಂಗು, ಅಷ್ಟು ಪ್ರಾಮಾಣಿಕಳಾದರೆ ಸಂಜೆವರೆಗೆ ಬದುಕುವುದಿಲ್ಲ ಎಂದು ನಕ್ಕು ಹನ್ನೆರಡನ್ನು ತಾನೇ ತೆಗೆದುಕೊಂಡ.

ತಿದ್ದುವುದರಲ್ಲಿ ಒಂದು ಸುಖವಿತ್ತು. ಇಲ್ಲಿ ಹೆಸರಿನ ಜಾಗದಲ್ಲಿ ಸಂಖ್ಯೆ ಬಂದಿದೆ, ಅಲ್ಲಿ ಪಟ್ಟಿ ಬರಬೇಕಾದಲ್ಲಿ ಒಂದೇ ವಸ್ತು ಬಂದಿದೆ. ಅವ್ವ ಸಂಜೆ ಅಂಗಳದಲ್ಲಿ ಕುಳಿತು ಮೊರದಲ್ಲಿ ಜೋಳದ ಕಲ್ಲು ಆರಿಸುವಾಗ ಇಂಥದೇ ಒಂದು ಸಮಾಧಾನ ಅವಳ ಮುಖದ ಮೇಲೆ ಇರುತ್ತಿತ್ತು. ಉಳಿದವು ಮೂವತ್ತು, ಇಪ್ಪತ್ತೆರಡು, ಒಂಬತ್ತು. ಸೋದರಮಾವ ರಾಜಾರಾಮ ಅವಳಿಗೆ ವಿಶಾಖಾ ಎಂದು ಹೆಸರಿಟ್ಟಾಗ ಊರಲ್ಲಿ ಯಾರಿಗೂ ಆ ಹೆಸರಿರಲಿಲ್ಲ. ಬುದ್ಧನಿಗೆ ಎದುರು ನಿಂತು ಪ್ರಶ್ನೆ ಕೇಳಿದ ಹೆಂಗಸಿನ ಹೆಸರು ಅದು ಎಂದು ಅವನು ಹೇಳುತ್ತಿದ್ದ, ಪ್ರಶ್ನೆ ಕೇಳಬೇಕು ಎನ್ನುತ್ತಿದ್ದ. ಅವಳು ಮಾತ್ರ ಪ್ರಶ್ನೆ ಬಾಯಿಗೆ ಬಂದಾಗಲೆಲ್ಲ ಅದನ್ನು ಹಾಗೇ ನುಂಗಿ, ಮನೆಗೆ ಹೋಗಿ ಒಬ್ಬಳೇ ಉತ್ತರ ಹುಡುಕುವವಳು. ನಾಲ್ಕು, ಎರಡು. ಒಂದು ಉಳಿಯಿತು. ಗಡಿಯಾರದಲ್ಲಿ ಒಂದು ಗಂಟೆ.

ಉಳಿದ ಒಂದು ಬೇರೆ ಜಾತಿಯದಾಗಿತ್ತು. ಈ ಸಾಲನ್ನು ನೋಡಬೇಡ ಎಂದು ಇಲ್ಲಿ ತಪಾಸಣೆಗೆ ಹೇಳಿದೆ, ಯಾಕೆ ನೋಡಬಾರದು, ಕಾರಣ ಬರೆಯಿರಿ ಎಂದು ಯಂತ್ರ ಕೇಳುತ್ತಿತ್ತು. ಹಳೆಯ ಆವೃತ್ತಿ ಕಾರಣ ಕೇಳುತ್ತಿರಲಿಲ್ಲ. ನೋಡಬೇಡ ಎಂದರೆ ನೋಡದೆ ಮುಂದೆ ಹೋಗುತ್ತಿತ್ತು. ಸಾಲು ಬರೆದವರ ಹೆಸರು ಪಕ್ಕದಲ್ಲೇ ಇತ್ತು. ವಿಶಾಖಾ. ಮೇ ತಿಂಗಳ ಏಳನೆಯ ತಾರೀಖು.

ಅವಳಿಗೆ ಆ ಮಧ್ಯಾಹ್ನ ಥಟ್ಟನೆ ನೆನಪಾಯಿತು. ಮರೆತಿರಲೇ ಇಲ್ಲ ಎಂಬಷ್ಟು ಸ್ಪಷ್ಟವಾಗಿ. ಕರೆಂಟು ಹೋಗಿ ಫ್ಯಾನು ನಿಂತಿತ್ತು, ಬ್ಯಾಟರಿಯ ಮೇಲೆ ಕಂಪ್ಯೂಟರು ಮಾತ್ರ ನಡೆದಿತ್ತು, ಕೀಬೋರ್ಡಿನ ಮೇಲೆ ಬೆರಳು ಜಾರುತ್ತಿದ್ದವು. ಅವರ ಆ್ಯಪು ದ್ರಾಕ್ಷಿ ತೋಟದವರಿಗಾಗಿ. ಯಾವ ಔಷಧ ಹೊಡೆದಿರಿ, ಯಾವ ದಿನ ಹೊಡೆದಿರಿ ಎಂದು ತುಂಬಿದರೆ, ಎಷ್ಟು ದಿನಕ್ಕೆ ಕೆಲಸದ ಹೆಂಗಸರು ತೋಟದೊಳಗೆ ಹೋಗಬಹುದು ಎಂದು ಅದು ಹೇಳುತ್ತದೆ. ಹೋಗಬಾರದಿದ್ದರೆ ಕೆಂಪು, ಹೋಗಬಹುದಾದರೆ ಹಸಿರು. ಆ ಲೆಕ್ಕವನ್ನು ಬರೆದವಳು ವಿಶಾಖಾ. ಔಷಧದ ಹೆಸರನ್ನು ಪಟ್ಟಿಯಲ್ಲಿ ಹುಡುಕಿ, ಸಿಕ್ಕ ದಿನಗಳನ್ನು ಹೊಡೆದ ತಾರೀಖಿಗೆ ಕೂಡಿಸುವ ಒಂದು ಸಾಲು. ಹೆಸರು ಪಟ್ಟಿಯಲ್ಲಿ ಸಿಗದಿದ್ದರೆ ದಿನಗಳ ಜಾಗ ಖಾಲಿ ಇರಬಹುದು, ಖಾಲಿಯನ್ನು ಕೂಡಿಸಲಾಗದು ಎಂದು ತಪಾಸಣೆ ಅಂದು ಅವಳನ್ನು ತಡೆದಿತ್ತು. ಮೂರು ಸಲ ತಿದ್ದಿದಳು, ಮೂರು ಸಲವೂ ಕೆಂಪು. ಸಂಗುವನ್ನು ಕೇಳಬಹುದಿತ್ತು. ಬೆಳಿಗ್ಗೆಯಿಂದ ಆಗಲೇ ಎರಡು ಸಲ ಕೇಳಿದ್ದಳು, ಎರಡನೆಯ ಸಲ ಅವನು ಉತ್ತರಿಸುವ ಮೊದಲು ಸಣ್ಣಗೆ ಉಸಿರು ಬಿಟ್ಟಿದ್ದ. ಆ ಉಸಿರು ಅವನಿಗೆ ನೆನಪಿರಲಿಕ್ಕಿಲ್ಲ. ಅವಳು ಅದನ್ನು ಇನ್ನೊಮ್ಮೆ ಕೇಳಿಸಿಕೊಳ್ಳಲಾರದೆ, ಸಾಲಿನ ಮೇಲೆ ನೋಡಬೇಡ ಎಂಬ ಗುರುತು ಬರೆದುಬಿಟ್ಟಳು. ಹಸಿರಾಯಿತು.

ಖಾಲಿ ಬಂದರೆ ಏನಾಗುತ್ತದೆ? ಈಗ ಅವಳು ತನ್ನ ಕಂಪ್ಯೂಟರಿನಲ್ಲಿ ಆ್ಯಪು ತೆರೆದು, ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು ತುಂಬಿದಳು. ‘ಅಮಾಸಿ ಡೋಸು’ ಎಂದು ಬರೆದಳು. ಬೆರಳು ತಾವಾಗಿ ಬರೆದದ್ದು ಅದನ್ನೇ. ತಾರೀಖು ಇಂದಿನದು. ಒತ್ತಿದಳು. ಖಾಲಿಯನ್ನು ಆ ಪ್ರೋಗ್ರಾಮಿಂಗ್ ಭಾಷೆ ಯಾವ ಸದ್ದೂ ಮಾಡದೆ ಸೊನ್ನೆ ಎಂದುಕೊಂಡಿತು. ಇಂದಿಗೆ ಸೊನ್ನೆ ಕೂಡಿಸಿದರೆ ಇಂದು. ಪರದೆ ಹಸಿರಾಗಿ, ಇಂದೇ ಒಳಗೆ ಹೋಗಬಹುದು ಎಂದು ತೋರಿಸಿತು.

ಅವಳ ಕಿವಿ ಬಿಸಿಯಾದವು. ಪಟ್ಟಿಯಲ್ಲಿ ಹೆಸರಿಲ್ಲದ ಔಷಧ ಯಾರು ಹೊಡೆಯುತ್ತಾರೆ ಎಂದು ಅಂದು ತನ್ನನ್ನು ತಾನು ಸಮಾಧಾನ ಮಾಡಿಕೊಂಡದ್ದು ನೆನಪಾಯಿತು. ಇದನ್ನು ಊರ ಹೊರಗಿನವರು ಯಾರಾದರೂ ಹೇಳಿಕೊಳ್ಳಬಹುದಿತ್ತು. ತನ್ನೂರು ಬಿಜ್ಜರಗಿಯ ತೋಟಗಳಲ್ಲಿ ಹನ್ನೆರಡನೆಯ ವಯಸ್ಸಿನಿಂದ ರಜೆಗೊಮ್ಮೆ ಅವ್ವನ ಬೆನ್ನಿಗೆ ಹೋಗಿ ಡ್ರಮ್ಮಿಗೆ ನೀರು ಹೊತ್ತವಳಿಗೆ ಗೊತ್ತಿತ್ತು: ಅಲ್ಲಿ ಯಾರೂ ಒಂದೇ ಔಷಧ ಹೊಡೆಯುವುದಿಲ್ಲ. ಎರಡು ಮೂರನ್ನು ಒಂದೇ ಡ್ರಮ್ಮಿನಲ್ಲಿ ಕಲಸುತ್ತಾರೆ, ಕಲಸಿದ್ದಕ್ಕೆ ತಮ್ಮದೇ ಹೆಸರಿಡುತ್ತಾರೆ. ಮಂಜು ಬಿದ್ದರೆ ಮಂಜಿನ ಡೋಸು, ಮೋಡವಾದರೆ ಮೋಡದ ಡೋಸು, ಅಮಾವಾಸ್ಯೆಗೆ ಹುಳ ಏಳುತ್ತವೆ ಎಂದು ಅಮಾಸಿ ಡೋಸು. ಪಟ್ಟಿಯಲ್ಲಿಲ್ಲದ ಹೆಸರನ್ನೂ ಟೈಪು ಮಾಡಲು ಬಿಡಿ ಎಂದು ಬೆಳೆಗಾರರು ಕೇಳಿ, ಏಪ್ರಿಲಿನಲ್ಲಿ ಸಂಗು ಅದಕ್ಕೆ ಜಾಗ ಮಾಡಿಕೊಟ್ಟಿದ್ದ. ಎಲ್ಲ ಗೊತ್ತಿತ್ತು. ಕುರ್ಚಿಯಲ್ಲಿ ಕೂತಾಗ ಮಾತ್ರ ತಾನು ತೋಟ ಕಂಡವಳೆಂಬುದನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬಂದು, ಪುಸ್ತಕದಲ್ಲಿ ಇರುವ ಹಾಗೆ ಒಂದು ಸಿಂಪಡಣೆಗೆ ಒಂದು ಔಷಧ ಎಂದು ಬರೆದಿದ್ದಳು.

ಸಂಜೆ ಕ್ಲಾಸಿನ ಎರಡನೆಯ ವರ್ಷ ಅಂಗಡಿಯವನು ರಜೆ ಕೊಡದೆ ಅವಳು ಒಂದು ಪರೀಕ್ಷೆ ತಪ್ಪಿಸಿಕೊಂಡಿದ್ದಳು. ಅಂಕಪಟ್ಟಿಯಲ್ಲಿ ಗೈರುಹಾಜರಿ ಎಂದು ಬರುವ ಬದಲು ಸೊನ್ನೆ ಎಂದು ಬಂದಿತ್ತು. ಹದಿನೈದು ದಿನ ಓಡಾಡಿದ್ದಳು. ನಾನು ಬರೆದು ಸೊನ್ನೆ ತೆಗೆದುಕೊಂಡಿಲ್ಲ ಸರ್, ನಾನು ಬರೆದೇ ಇಲ್ಲ, ಎರಡೂ ಒಂದೇ ಅಲ್ಲ ಎಂದು ಕ್ಲಾರ್ಕನ ಮೇಜಿನ ಮುಂದೆ ಅಳು ತಡೆದುಕೊಂಡು ಹೇಳಿದ್ದಳು. ಆ ಸೊನ್ನೆಯನ್ನು ಹೊಡೆದುಹಾಕಿಸಿಯೇ ಬಂದಿದ್ದಳು. ಅಷ್ಟು ಗೊತ್ತಿದ್ದವಳು.

ಸರ್ವರಿನ ದಾಖಲೆಯಲ್ಲಿ ಹುಡುಕಿದಳು. ಮೇ ಏಳರಿಂದ ಇಂದಿನವರೆಗೆ ಪಟ್ಟಿಯಲ್ಲಿಲ್ಲದ ಹೆಸರು ಬರೆದ ನಮೂದುಗಳು ಅರವತ್ತಮೂರು, ಒಂಬತ್ತು ತೋಟಗಳಲ್ಲಿ. ನಾಲ್ಕನೆಯ ಹೆಸರು ಬಿಜ್ಜರಗಿಯ ಶಿವಯೋಗೆಪ್ಪ. ಅವ್ವ ಹನಮವ್ವ ಹತ್ತು ಹೆಂಗಸರ ಗುಂಪು ಕಟ್ಟಿಕೊಂಡು ಕುಡಿ ಚಿವುಟಲು ಹೋಗುತ್ತಿದ್ದುದು ಅವನ ತೋಟಕ್ಕೇ. ಕಳೆದ ಭಾನುವಾರ ಊರಿಗೆ ಹೋದಾಗ ಅವ್ವ ಮಾತಿನ ನಡುವೆ ಮುಂಗೈ ಕೆರೆದುಕೊಳ್ಳುತ್ತಿದ್ದುದನ್ನು ಅವಳು ನೋಡಿದ್ದಳು, ಚಳಿಗೆ ಒಡೆದಿರಬೇಕು ಎಂದುಕೊಂಡಿದ್ದಳು.

ಮೆಟ್ಟಿಲ ಮೇಲೆ ಹೋಗಿ ನಿಂತು ಫೋನು ಮಾಡಿದಳು. ಉಂಡೆಯಾ ಎಂದು ಕೇಳಿದಳು.

“ಈಗ ಬುತ್ತಿ ಬಿಚ್ಚೇವಿ. ನೀ ಯಾಕ ಇಷ್ಟೊತ್ತಿನಾಗ? ಕೆಲಸದಿಂದ ತಗದ್ರೇನು?” ಎಂದಳು ಹನಮವ್ವ. ಹಿಂದೆ ಹೆಂಗಸರು ನಕ್ಕದ್ದು ಕೇಳಿಸಿತು.

ಕೈ ಹೇಗಿದೆ ಎಂದು ವಿಶಾಖಾ ಕೇಳಿದಳು. ಕೈಗೆ ಏನಾಗಿದೆ, ತುರಿಸುತ್ತವೆ, ಎಲ್ಲರ ಕೈಯೂ ತುರಿಸುತ್ತವೆ, ಗುಂಪಿನ ದಾವಲಬಿ ಕೊಬ್ಬರಿ ಎಣ್ಣೆ ಕೊಟ್ಟಿದ್ದಾಳೆ ಎಂದು ಅವ್ವ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಔಷಧ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಒಳಗೆ ಹೋಗುತ್ತೀರಿ ಎಂದು ವಿಶಾಖಾ ಕೇಳಿದಳು.

“ಮೊದಲ ಮೂಗಿಗೆ ವಾಸನಿ ಬಂದ್ರ ನಾವ ನಿಂದರತಿದ್ವಿ. ಈಗ ಸಾವಕಾರ ಮೊಬೈಲ್ ತೋರಸ್ತಾನ, ಹಸರ ಐತಿ, ನಡೀರಿ ಅಂತಾನ. ಒಂದಿನ ದಾವಲಬಿ ತಕರಾರ ತಗದ್ಲು, ಇನ್ನಾ ಹೊಡದ ಎಣ್ಣಿ ವಾಸನಿ ಬಡ್ಯಾಕತ್ತೈತಿ ಅಂತ. ನಾನ ಅಂದೆ, ಅದು ನನ್ನ ಮಗಳು ಬರದದ್ದೈತಿ ಬೇ, ಸುಳ್ಳು ಹೇಳಂಗಿಲ್ಲ, ಒಳಗ ಬಾ ಅಂತ.”

ಅವಳ ದನಿಯಲ್ಲಿ ಹೆಮ್ಮೆ ಇತ್ತು. ವಿಶಾಖಾ ಸರಿ ಎಂದಳು. ಉಣ್ಣು ಎಂದಳು. ಫೋನು ಇಟ್ಟಳು. ಹೇಳಬೇಕೆಂದು ಮಾಡಿದ ಫೋನಿನಲ್ಲಿ ಹೇಳಲಿಲ್ಲ ಎಂಬುದು ಮೆಟ್ಟಿಲು ಹತ್ತುವಾಗ ಅರಿವಿಗೆ ಬಂತು.

ಪರದೆಯ ಮೇಲೆ ಯಂತ್ರ ಇನ್ನೂ ಕಾರಣ ಕೇಳುತ್ತಿತ್ತು. ಅದಕ್ಕೆ ಬೇಕಾದದ್ದು ನಾಲ್ಕು ಶಬ್ದ ಮಾತ್ರ. ಆ ಶಬ್ದ ನಿಜವೋ ಸುಳ್ಳೋ ಅದಕ್ಕೆ ತಿಳಿಯದು. ಇವತ್ತಿಗೆ ಬಿಡುಗಡೆಯಾಗಲಿ, ನಾಳೆ ಸಭೆ ಮುಗಿಯಲಿ, ಶುಕ್ರವಾರ ಬೇಗ ಬಂದು ಯಾರಿಗೂ ತಿಳಿಯದಂತೆ ಸರಿಮಾಡಿದರಾಯಿತು ಎಂದು ಒಂದು ದನಿ ಬಹಳ ವಿನಯದಿಂದ ಹೇಳಿತು. ಅದು ಅವಳದೇ ದನಿ, ಝೆರಾಕ್ಸ್ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುತ್ತಿದ್ದ ದನಿ. ಪಟ್ಟಿಯಲ್ಲಿ ಎಲ್ಲ ಔಷಧಗಳೂ ಇವೆ ಎಂದು ಕಾರಣದ ಜಾಗದಲ್ಲಿ ಅವಳು ಬರೆದಳು. ಕಳಿಸಿದಳು. ಆರು ನಿಮಿಷ. ಹಸಿರು.

ಸಂಗು ಚಪ್ಪಾಳೆ ತಟ್ಟಿದ. ಗುರುಪಾದಯ್ಯನವರು ತಮ್ಮ ಮೇಜಿನಿಂದಲೇ, ಐದರ ತನಕ ಆಗತದೋ ಇಲ್ಲೋ ಅಂದುಕೊಂಡಿದ್ದೆ ಎಂದರು. ಅವರ ಮೆಚ್ಚುಗೆ ಯಾವಾಗಲೂ ಹೀಗೆ, ಅರ್ಧ ಅನುಮಾನದ ರೂಪದಲ್ಲಿ ಬರುತ್ತಿತ್ತು. ಎರಡು ವರ್ಷದಿಂದ ಅವಳು ಅದಕ್ಕಾಗಿ ಕಾದಿದ್ದಳು. ಗಿರಮಿಟ್ಟು ತರಿಸಿದರು. ಅವಳು ತಿಂದಳು. ಮಂಡಕ್ಕಿ ಬಾಯಲ್ಲಿ ಕಾಗದದ ಹಾಗಿತ್ತು. ಶಿವಯೋಗೆಪ್ಪನ ತೋಟದಲ್ಲಿ ಈಗ ಊಟ ಮುಗಿದು ಮತ್ತೆ ಸಾಲಿಗೆ ನಿಂತಿರುತ್ತಾರೆ. ಬಳ್ಳಿ ತಲೆಯ ಮೇಲೆ ಚಪ್ಪರಕ್ಕೆ ಹಬ್ಬಿರುತ್ತದೆ, ಕೈ ಮೇಲೆತ್ತಿ ಚಿವುಟಬೇಕು, ಎಲೆ ಅಲುಗಿದರೆ ಅದರ ಮೇಲಿದ್ದದ್ದು ಮುಖದ ಮೇಲೇ ಉದುರುತ್ತದೆ. ಶಿವಯೋಗೆಪ್ಪನ ಕೊನೆಯ ನಮೂದು ಸೋಮವಾರದ್ದು. ನನ್ನ ಮಗಳು ಬರದದ್ದೈತಿ. ಎದುರಿನ ಹಸಿರು ಗುರುತು ನೋಡುತ್ತ ಅವಳಿಗೆ ವಿಚಿತ್ರವಾದ ಒಂದು ಸಂಗತಿ ಹೊಳೆಯಿತು. ಇಷ್ಟು ದಿನ ತಾನು ಹೆದರಿದ್ದು ಕೆಂಪಿಗೆ. ಹೆದರಬೇಕಾದದ್ದು ಇದಕ್ಕೆ.

ಗಂಟೆ ಮೂರಾಗಿತ್ತು. ಬರೆದ ಕಾರಣವನ್ನು ಅಳಿಸಿದಳು. ನೋಡಬೇಡ ಎಂಬ ಗುರುತನ್ನೂ ಅಳಿಸಿದಳು. ಕಳಿಸಿದಳು, ತಾನಾಗಿಯೇ ಕೆಂಪು ಮಾಡಿದಳು. ಆಮೇಲೆ ಎದ್ದು ಗುರುಪಾದಯ್ಯನವರ ಮೇಜಿನ ಮುಂದೆ ಹೋಗಿ ನಿಂತಳು. ಕೂತು ಹೇಳಬಹುದಿತ್ತು, ಕುರ್ಚಿ ಖಾಲಿಯೇ ಇತ್ತು.

ಅವಳು ಹೇಳಿ ಮುಗಿಸುವವರೆಗೆ ಅವರು ಅವಳ ಮುಖ ನೋಡಲಿಲ್ಲ, ಬಬಲೇಶ್ವರದ ಸಭೆಗೆ ಮಾಡಿಸಿದ ಬ್ಯಾನರಿನ ಚಿತ್ರವನ್ನೇ ನೋಡುತ್ತಿದ್ದರು. ಬರೆದದ್ದು ಯಾರು ಎಂದು ಕೇಳಿದರು. ನಾನು ಎಂದಳು. ನೋಡಿ ಒಪ್ಪಿಗೆ ಕೊಟ್ಟದ್ದು ಯಾರು ಎಂದರು.

“ನಾನ್ರಿ,” ಎಂದ ಸಂಗು ಹಿಂದಿನಿಂದ. “ನೋಡಿದ್ದಿಲ್ಲರಿ. ಹಸರ ಇತ್ತು, ಒತ್ತಿಬಿಟ್ಟೆ.”

ಅವಳು ತಿರುಗಿ ನೋಡಿದಳು. ಅವನು ಕಂಪ್ಯೂಟರಿನ ಮರೆಯಿಂದ ಎದ್ದು ನಿಂತಿದ್ದ, ಮೊದಲ ಸಲ ಅವನ ಮುಖ ತನ್ನ ಮುಖದ ಹಾಗೆ ಕಂಡಿತು. ಇಂಥ ಮುಖ ಇಂಜಿನಿಯರಿಂಗ್ ಓದಿದವರಿಗೂ ಇರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ.

“ನಿನಗ ಯಾವಾಗ ಗೊತ್ತಾತು?” ಎಂದರು ಗುರುಪಾದಯ್ಯ.

“ಒಂದಕ್ಕ ಗೊತ್ತಾತ್ರಿ ಸರ್. ಮೂರರ ತನಕ ಹಸರ ಮಾಡಿಟ್ಟು ಕುಂತಿದ್ದೆ.”

ಇದನ್ನು ಹೇಳುವ ಅಗತ್ಯ ಇರಲಿಲ್ಲ. ಹೇಳದಿದ್ದರೆ ಉಳಿದದ್ದೆಲ್ಲ ಹೇಳಿಯೂ ಹೇಳದ ಹಾಗಾಗುತ್ತಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡು ತಾಸು ಎಂದರು. ಏಳು ತಿಂಗಳು ಎನ್ನಲಿಲ್ಲ, ಎರಡು ತಾಸು ಎಂದರು. ಅದು ಅವಳಿಗೆ ನಾಟಿತು, ನಾಟಬೇಕಾದಲ್ಲೇ ನಾಟಿತು. ಆಮೇಲೆ ಅವರು ಫೋನು ಎಳೆದುಕೊಂಡು, ಒಂಬತ್ತು ತೋಟದವರ ನಂಬರು ಓದು, ನಾನು ಐದು ಹಚ್ಚುತ್ತೇನೆ, ನೀನು ನಾಲ್ಕು ಹಚ್ಚು ಎಂದರು. ಬಯ್ಗುಳಕ್ಕೆ ಕಾದಿದ್ದವಳು ನಂಬರು ಓದತೊಡಗಿದಳು.

ಫೋನಿನಲ್ಲಿ ಒಬ್ಬರು ಬೈದರು, ಒಬ್ಬರು ಹೌದೇ ಎಂದು ಸುಮ್ಮನಾದರು, ತಿಕೋಟಾದ ಒಬ್ಬರು, ನಾನು ನಿಮ್ಮ ಮೊಬೈಲು ನೋಡುವುದೇ ಇಲ್ಲ, ಪರಸಪ್ಪ ಹೇಳಿದ ದಿನ ಬಿಡುತ್ತೇನೆ ಎಂದು ತಮ್ಮ ತೋಟದ ಮುದುಕನ ಹೆಸರು ಹೇಳಿ ನಕ್ಕರು. ಶಿವಯೋಗೆಪ್ಪ ಎತ್ತಲಿಲ್ಲ. ಎರಡು ಸಲ ಹಚ್ಚಿ, ಎತ್ತದಿದ್ದಾಗ ಅವ್ವನಿಗೇ ಹಚ್ಚಿ ಎಲ್ಲರನ್ನೂ ಕರೆದುಕೊಂಡು ಹೊರಗೆ ಬಾ ಎಂದಳು. ಯಾಕೆ ಎಂದು ಅವ್ವ ಕೇಳಿದಾಗ, ಬಂದು ಹೇಳುತ್ತೇನೆ, ಈಗ ಸೋಪು ಹಚ್ಚಿ ಕೈ ಮುಖ ತೊಳೆದುಕೊಳ್ಳಿ ಎಂದಳು. ಅವಳ ದನಿಯಲ್ಲಿ ಏನಿತ್ತೋ, ಹನಮವ್ವ ಚೇಷ್ಟೆ ಮಾಡದೆ ಹೂಂ ಎಂದಳು.

ಆಮೇಲೆ ಸಾಲು. ಖಾಲಿಯನ್ನು ಖಾಲಿಯೆಂದೇ ಒಪ್ಪಿಕೊಂಡರೂ ಯಂತ್ರ ಸುಮ್ಮನಿರಲಿಲ್ಲ. ದಿನಗಳ ಜಾಗದಲ್ಲಿ ಸಂಖ್ಯೆ ಇರಬಹುದು ಅಥವಾ ತಿಳಿದಿಲ್ಲ ಎಂಬುದು ಇರಬಹುದು ಎಂದು ಅವಳು ಬರೆದದ್ದೇ, ಅದನ್ನು ಬಳಸುವ ಬೇರೆ ಹದಿನೇಳು ಕಡೆ ಕೆಂಪು ಎದ್ದಿತು. ಬಣ್ಣ ಹಾಕುವಲ್ಲಿ, ಸಂದೇಶ ಕಳಿಸುವಲ್ಲಿ, ತಿಂಗಳ ವರದಿಯಲ್ಲಿ: ತಿಳಿಯದಿದ್ದರೆ ಇಲ್ಲಿ ಏನು ಮಾಡಲಿ, ಇಲ್ಲಿ ಏನು ಹೇಳಲಿ ಎಂದು ಅದು ಕೇಳುತ್ತ ಹೋಯಿತು. ತಕರಾರು ಎನ್ನಿಸಲಿಲ್ಲ ಅವಳಿಗೆ. ಕತ್ತಲ ಕೋಣೆಯಲ್ಲಿ ಮುಂದೆ ಮುಂದೆ ನಡೆದು, ಇಲ್ಲಿ ಮೆಟ್ಟಿಲಿದೆ, ಇಲ್ಲಿ ಕಂಬವಿದೆ ಎನ್ನುವವರ ಹಾಗೆ. ಒಂದೆರಡು ಕಡೆ ತಿಳಿಯದೆ ಅವಳು ಸಂಗುವನ್ನು ಕೇಳಿದಳು, ಮತ್ತೆ ಕೇಳಿದಳು, ಐದನೆಯ ಸಲವೂ ಕೇಳಿದಳು. ಅವನು ಉಸಿರು ಬಿಟ್ಟನೋ ಇಲ್ಲವೋ ಅವಳು ಗಮನಿಸಲಿಲ್ಲ. ಡ್ರಮ್ಮಿನಲ್ಲಿ ಏನೇನು ಹಾಕಿದಿರಿ ಎಂದು ಎಲ್ಲವನ್ನೂ ಕೇಳಿ, ಎಲ್ಲಕ್ಕಿಂತ ಹೆಚ್ಚಿನ ದಿನ ಹಿಡಿಯುವ ಹಾಗೆ ಮಾಡಿದರು. ಒಂದಾದರೂ ತಿಳಿಯದಿದ್ದರೆ ಕೆಂಪು, ತಿಳಿದಿಲ್ಲ, ಒಳಗೆ ಹೋಗಬೇಡಿ, ಮೊದಲು ಕೇಳಿ. ಐದು ಹೊಡೆದು ಇಪ್ಪತ್ತು ನಿಮಿಷಕ್ಕೆ ಗುರುತು ಹಸಿರಾಯಿತು, ಹೊಸ ಆವೃತ್ತಿ ಹೊರಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಚೀಲ ಹೆಗಲಿಗೆ ಹಾಕುವಾಗ ಗುರುಪಾದಯ್ಯ ಕರೆದರು.

“ನಾಳೆ ಸಭಾದಾಗ ಇದನ್ನ ನೀನ ನಿಂತು ಹೇಳಬೇಕು. ನಾ ಹೇಳಿದ್ರ ಯಾಪಾರ ಅಂತಾರ.”

ನೂರೈವತ್ತು ಮಂದಿ ಬೆಳೆಗಾರರ ಮುಂದೆ.

ಬಸ್ಸು ತಿಕೋಟಾ ದಾಟುವಾಗ ಹೊತ್ತು ಮುಳುಗಿತ್ತು. ಎರಡೂ ಕಡೆ ತೋಟಗಳ ಕಲ್ಲುಕಂಬಗಳು ಸಾಲಾಗಿ ಓಡುತ್ತಿದ್ದವು, ಕುರಿ ಹಿಂಡೊಂದು ರಸ್ತೆ ದಾಟುವವರೆಗೆ ಬಸ್ಸು ನಿಂತಿತು. ಸಭೆಯ ಮಾತನ್ನು ಅವಳು ಮನಸ್ಸಿನಲ್ಲೇ ಜೋಡಿಸಲು ನೋಡಿದಳು. ಮೊದಲ ವಾಕ್ಯದಲ್ಲೇ ಕ್ಷಮೆ ಬರುತ್ತಿತ್ತು, ಎರಡನೆಯದರಲ್ಲೂ ಬರುತ್ತಿತ್ತು, ಮೂರನೆಯ ವಾಕ್ಯ ಬರಲೇ ಇಲ್ಲ.

ಬಿಜ್ಜರಗಿಯಲ್ಲಿ ಮನೆಯ ಮುಂದಿನ ಕಟ್ಟೆಯ ಮೇಲೆ ಅವ್ವ, ದಾವಲಬಿ, ಇನ್ನೂ ಐದಾರು ಹೆಂಗಸರು ಕೂತಿದ್ದರು. ನಾಳೆ ಯಾರ ತೋಟ ಎಂದು ದಿನವೂ ಅಲ್ಲೇ ನಿಶ್ಚಯವಾಗುತ್ತಿತ್ತು. ವಿಶಾಖಾ ಚಪ್ಪಲಿ ಬಿಡದೆ, ನೀರು ಕುಡಿಯದೆ ಹೇಳಿದಳು. ಕಂಪ್ಯೂಟರಿನ ಶಬ್ದ ಒಂದನ್ನೂ ಬಳಸಲಿಲ್ಲ, ಬಳಸಿದ್ದರೆ ಅವುಗಳ ಹಿಂದೆ ಅಡಗಬಹುದಿತ್ತು. ಅಮಾಸಿ ಡೋಸು ಅಂದರೆ ಎಷ್ಟು ದಿನ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಬರೆಯುವ ಬದಲು ಹಸಿರು ಎಂದು ಬರೆದೆ, ಏಳು ತಿಂಗಳಿಂದ ಅದು ಸುಳ್ಳು ಹೇಳುತ್ತಿತ್ತು, ನಿಮ್ಮ ಕೈಗೆ ಆಗಿರುವುದು ಅದರಿಂದಲೇ ಇರಬಹುದು, ಡಾಕ್ಟರಿಗೆ ತೋರಿಸೋಣ. ಅವಳು ಅವ್ವನ ಕಡೆ ನೋಡಲಾರದೆ ದಾವಲಬಿಯನ್ನು ನೋಡಿದಳು.

“ನೋಡ್ವಾ ಹನಮವ್ವಾ, ನನ್ನ ಮೂಗು ಖರೇ ಹೇಳಿತ್ತ,” ಎಂದಳು ದಾವಲಬಿ. ಅವಳು ನಗುತ್ತಿದ್ದಳು, ಆದರೂ ಪೂರ್ತಿ ನಗೆಯಲ್ಲ ಅದು.

ಹನಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನಿನ್ನ ಬಾಯಿ ಮುಚ್ಚಿಸಿದಾಕಿ ನಾನ ಅಲ್ಲೇನು,” ಎಂದಳು ದಾವಲಬಿಗೆ. ಆಮೇಲೆ ಮಗಳಿಗಾಗಿ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು. ವಿಶಾಖಾ ಕೂತಳು. ಅವ್ವನ ತೋಳು ತಗುಲಿತು, ಸೋಪಿನ ವಾಸನೆ ಬಂತು.

ಅಷ್ಟರಲ್ಲಿ ಶಿವಯೋಗೆಪ್ಪನ ಮೋಟರ್‌ಸೈಕಲ್ಲು ಬಂದು ನಿಂತಿತು. ಕೆಟ್ಟ ಮನುಷ್ಯನಲ್ಲ ಅವನು, ಅವಸರದ ಮನುಷ್ಯ. ಮಧ್ಯಾಹ್ನ ಕೆಲಸ ಅರ್ಧಕ್ಕೆ ಬಿಟ್ಟು ಬಂದಿರಿ, ನಾಳೆ ಎಂಟಕ್ಕೆ ಎಲ್ಲರೂ ಬರಬೇಕು ಎಂದ. ವಿಶಾಖಾಳನ್ನು ನೋಡಿ, ನಿಮ್ಮ ಆಫೀಸಿನಿಂದ ಫೋನು ಬಂದಿತ್ತು, ನಾನು ಬಾವಿಯ ಹತ್ತಿರ ಇದ್ದೆ ಎಂದ. ಮೊಬೈಲು ತೆಗೆದು ಅವಳ ಕಡೆ ತಿರುಗಿಸಿದ. ಪರದೆ ಕೆಂಪಾಗಿತ್ತು. ನಿನ್ನೆ ಹಸಿರು ತೋರಿಸಿದ್ದು ಇವತ್ತು ಕೆಂಪು ತೋರಿಸುತ್ತಿದೆ, ನ್ಯಾಯವೇ ಇದು ಎಂದು ಕೇಳಿದ. ವಿಶಾಖಾ ಎದ್ದು ನಿಂತು, ನಿನ್ನೆಯದು ತಪ್ಪು, ಅದನ್ನು ಮಾಡಿದವಳು ನಾನು ಎಂದಳು. ಹೇಳಿದ ಮೇಲೆ ನೋಡಿಕೊಂಡರೆ, ದಿನದಲ್ಲಿ ಮೂರನೆಯ ಸಲ ಎದುರು ನಿಂತು ಹೇಳುತ್ತಿದ್ದ ಮಾತು ಮೊದಲಿನಷ್ಟು ಭಾರವಿರಲಿಲ್ಲ. ಶಿವಯೋಗೆಪ್ಪ ಇನ್ನೇನೋ ಹೇಳುವವನಿದ್ದ, ದಾವಲಬಿ ನಡುವೆ ಬಾಯಿ ಹಾಕಿದಳು.

“ಸೋಮಾರ ಡ್ರಮ್ಮಿನಾಗ ಏನೇನ ಹಾಕಿಸಿದ್ರಿ ಸಾವಕಾರ?”

ಅವನು ಅವಳನ್ನು ನೋಡಿದ. ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ. ತಡವರಿಸಿ ಎರಡು ಹೆಸರು ಹೇಳಿದ. ಮೂರು ಡಬ್ಬಿ ಖಾಲಿ ಬಿದ್ದಿದ್ದವು, ಹಳದಿ ಮುಚ್ಚಳದ್ದು ಯಾವುದು ಎಂದು ಮೂಲೆಯಲ್ಲಿ ಕೂತಿದ್ದ ಲಲಿತಾ ಕೇಳಿದಳು. ಅವನು ಮೂರನೆಯದನ್ನೂ ಹೇಳಿದ. ವಿಶಾಖಾ ಮೂರನ್ನೂ ಅವನ ಮೊಬೈಲಿನಲ್ಲೇ ತುಂಬಿ ತೋರಿಸಿದಳು. ಹಳದಿ ಮುಚ್ಚಳದ್ದಕ್ಕೆ ನಾಲ್ಕು ದಿನ.

ಅಷ್ಟು ದಿನ ಬಿಟ್ಟರೆ ಕುಡಿ ಬೆಳೆದುಬಿಡುತ್ತವೆ ಎಂದ ಶಿವಯೋಗೆಪ್ಪ.

“ಬೆಳೀಲಿ,” ಎಂದಳು ಹನಮವ್ವ. “ಶುಕ್ರಾರ ಬರ್ತೇವಿ.”

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ, ಬೇರೆ ಉತ್ತರ ಎಲ್ಲಿಯಾದರೂ ಸಿಕ್ಕೀತೇ ಎಂದು ಹುಡುಕುವವನ ಹಾಗೆ. ಶುಕ್ರವಾರ ಎಂಟಕ್ಕೆ ತಪ್ಪಿಸಬೇಡಿ ಎಂದು ಹೇಳಿ ಗಾಡಿ ಒದ್ದು ಹೊರಟುಹೋದ.

ಹನಮವ್ವ ಎದ್ದು ಒಳಗಿನಿಂದ ಮಗಳಿಗೆ ನೀರು ತಂದುಕೊಟ್ಟಳು. ಬಬಲೇಶ್ವರದ ಸಭೆ ಎಷ್ಟು ಗಂಟೆಗೆ ಎಂದು ಕೇಳಿದಳು. ಹತ್ತಕ್ಕೆ ಎಂದಳು ವಿಶಾಖಾ, ಅಲ್ಲಿ ನಿಂತು ಹೇಳಬೇಕಾಗಿದೆ ಎಂಬುದನ್ನೂ, ಕ್ಷಮೆ ಬಿಟ್ಟು ಬೇರೆ ಮಾತು ಹೊಳೆಯುತ್ತಿಲ್ಲ ಎಂಬುದನ್ನೂ ಹೇಳಿದಳು.

“ನಾಳೆ ಹೆಂಗೂ ಕೆಲಸಿಲ್ಲ, ನಾವೂ ಬರ್ತೇವಿ,” ಎಂದಳು ಹನಮವ್ವ. “ಯಾವ ಎಣ್ಣಿಗೆ ಎಂಥಾ ವಾಸನಿ ಅಂತ ನಿನಗೇನ ಗೊತ್ತು. ಅದನ್ನ ದಾವಲಬಿ ಹೇಳ್ತಾಳ.”

ದಾವಲಬಿ ಬೇಡವೆಂದು ಕೈ ಆಡಿಸಿದಳು, ಅಷ್ಟು ಮಂದಿ ಗಂಡಸರ ಮುಂದೆ ನಾನು ಹೇಗೆ ಮಾತಾಡಲಿ ಎಂದಳು. ಲಲಿತಾ ಆಗಲೇ ಮುಂಜಾನೆಯ ಬಸ್ಸು ಎಷ್ಟಕ್ಕೆ ಎಂದು ಕೇಳುತ್ತಿದ್ದಳು. ಎಂಟೂವರೆಯದು ತಿಕೋಟಾದವರೆಗೆ, ಅಲ್ಲಿಂದ ಬೇರೆ ಎಂದು ಇನ್ನೊಬ್ಬಳು ಹೇಳಿದಳು. ದಾವಲಬಿ ವಿಶಾಖಾಳ ಕಡೆ ಬಾಗಿದಳು.

“ಅಲ್ಲೆ ಕುರ್ಚಿ ಇರ್ತಾವೇನು?”

“ಇರ್ತಾವ.”

“ಹಂಗಾದ್ರ ಮುಂದ ಕೂಡೂಣು,” ಎಂದಳು ದಾವಲಬಿ. “ಹಿಂದ ಕುಂತ್ರ ನನ್ನ ದನಿ ಅವರಿಗೆ ಮುಟ್ಟಂಗಿಲ್ಲ.”